ಎಡರೆಕ್ಕೆಯ ಎರಡು ನಿಮಿಷ

ದುಂಡಪ್ಪ ಮಾಸ್ತರರ ಆಶ್ರಮವೆಂದರೆ ಒಂದು ತಗಡಿನ ಶೆಡ್ಡು.

ಹಿಮಾಲಯದ ಒಂದು ಕಣಿವೆ. ಅರ್ಧ ಹೆಪ್ಪುಗಟ್ಟಿದ ನದಿ. ನದಿಯ ದಡದಲ್ಲಿ ದಿನಕ್ಕೊಂದು ವಿಮಾನ ಬಂದು ಹೋಗುವಷ್ಟು ಪುಟ್ಟ ನಿಲ್ದಾಣ. ಅದರ ಮೂಲೆಯಲ್ಲಿ ಈ ಶೆಡ್ಡು.

ಒಳಗೆ ಒಂದು ಸೀಮೆಎಣ್ಣೆ ಒಲೆ, ಒಂದು ಏಣಿ, ಸಾಲಾಗಿ ಪೀಪಾಯಿಗಳು. ಚಳಿಗಾಲದಲ್ಲಿ ವಿಮಾನದ ರೆಕ್ಕೆಯ ಮೇಲೆ ಕೂತ ಹಿಮವನ್ನು ತೊಳೆಸಿ, ಇನ್ನು ಹಾರಬಹುದು ಎಂದು ಸಹಿ ಹಾಕುವುದು ಮಾಸ್ತರರ ಕೆಲಸ. ಬೈಲಹೊಂಗಲದ ಕಡೆಯ ಮನುಷ್ಯ. ಇಪ್ಪತ್ತೊಂಬತ್ತು ಚಳಿಗಾಲಗಳನ್ನು ಇಲ್ಲೇ ಕಳೆದಿದ್ದರು.

ಅವರ ಬಳಿ ಕೆಲಸ ಕಲಿಯಲು ಬಂದವಳು ಮಲ್ಪೆಯ ಸುಗಂಧಿ. ಓದು ಮುಗಿಸಿ, ಪರೀಕ್ಷೆ ಪಾಸು ಮಾಡಿ, ಎರಡು ಸ್ವೆಟರಿನ ಮೇಲೆ ಒಂದು ಕೋಟು ಹಾಕಿಕೊಂಡು ಬಂದಿದ್ದಳು. ಜಂಬವೂ ಸ್ವಲ್ಪ ಇತ್ತು.

“ಐಸ್ ನನಗೆ ಹೊಸತಲ್ಲ ಮಾಷ್ಟ್ರೆ,” ಎಂದಳು ಮೊದಲ ದಿನವೇ. “ನಮ್ಮಪ್ಪ ಬಂದರಿನ ಐಸ್ ಪ್ಲ್ಯಾಂಟಿನಲ್ಲಿ ಇದ್ದದ್ದು. ನಾನು ಐಸಿನ ಮೇಲೇ ಆಡಿ ಬೆಳೆದವಳು.”

“ಹಂಗೇನು? ಚಲೋ ಆತು. ಏಣಿ ಹತ್ತು.”

ಅವಳು ಹತ್ತಿದಳು. ರೆಕ್ಕೆ ಬಿಸಿಲಿಗೆ ಮಿರಿಮಿರಿ ಹೊಳೆಯುತ್ತಿತ್ತು.

“ಏನೈತಿ ಅಲ್ಲಿ?”

“ನೀರು.”

“ಮುಟ್ಟು.”

ಅವಳು ಮುಟ್ಟಿದಳು. “ನೀರೇ ಮಾಷ್ಟ್ರೆ.”

“ಗ್ಲೌಸ್ ತಗದು ಮುಟ್ಟು.”

ಬರಿಗೈ ಇಟ್ಟಳು. ಬೆರಳು ಜಾರಿತು. ನೀರಿನ ಕೆಳಗೆ ಗಾಜಿನಂಥ ಒಂದು ಗಟ್ಟಿ ಪದರ ಕೈಗೆ ಸಿಕ್ಕಿತು. ಅಂಗೈ ಚುರ್ ಎಂದಿತು.

“ಐಸ್,” ಎಂದಳು. ದನಿ ಇಳಿದಿತ್ತು.

“ಕಾಣೋ ಐಸ್ ನಿಮ್ಮಪ್ಪಂದು,” ಎಂದರು ಮಾಸ್ತರು ಕೆಳಗಿನಿಂದ. “ಕಾಣಲಾರದ್ದು ನನ್ನದು. ಇಳಿ, ಚಾ ಕುಡಿಯೂಣು.”

ಅಂದಿನಿಂದ ಸುಗಂಧಿಯ ಜಂಬ ಕರಗಿತು. ಅದರ ಜಾಗದಲ್ಲಿ ಭಯ ಬಂದು ಕೂತಿತು.

ರೆಕ್ಕೆಯ ಮೇಲೆ ಉಪ್ಪುಕಾಗದದ ತರಿಯಷ್ಟು ಹಿಮ ನಿಂತರೂ ಸಾಕು, ವಿಮಾನ ಓಡೀತು, ಏಳದು. ಎದ್ದರೂ ಮೇಲೆ ನಿಲ್ಲದು. ಪುಸ್ತಕದಲ್ಲಿ ಓದಿದ್ದಳು. ಪುಸ್ತಕದಲ್ಲಿ ಓದುವಾಗ ಅಂಗೈ ಚುರ್ ಎಂದಿರಲಿಲ್ಲ.

ಆ ನಿಲ್ದಾಣದಲ್ಲಿ ಒಂದು ಪದ್ಧತಿ ಇತ್ತು. ರೆಕ್ಕೆ ತೊಳೆಸಿ ಮುಟ್ಟಿ ನೋಡಿದವರು, ಎಲ್ಲ ಕೆಲಸ ಮುಗಿದ ಮೇಲೆ ವಿಮಾನದ ಮೂತಿಯ ಎದುರು ನಿಂತು ಎರಡೂ ಅಂಗೈ ಎತ್ತಿ ತೋರಿಸಬೇಕು. ಬರಿಗೈ. ಚಳಿಗೆ ಕೆಂಪಾದ ಆ ಅಂಗೈಗಳನ್ನು ಕಂಡ ಮೇಲೆಯೇ ಪೈಲಟ್ ಹೊರಡುವುದು. ಕಾಗದದಲ್ಲಿ ಎಲ್ಲೂ ಬರೆಯದ ಪದ್ಧತಿ. ಮಾಸ್ತರರೇ ಹಾಕಿದ್ದು.

ಒಂದು ಬೆಳಿಗ್ಗೆ ಸುಗಂಧಿ ಬಲರೆಕ್ಕೆ ಮುಟ್ಟಿ ನೋಡಿ, ಕೈ ಉಜ್ಜಿಕೊಳ್ಳುತ್ತ ಬಂದಳು.

“ಆಯ್ತು ಮಾಷ್ಟ್ರೆ.”

“ಎಡರೆಕ್ಕಿ?”

“ಅದೂ ಹಾಗೇ ಇರ್ತದೆ ಅಲ್ವಾ? ಒಂದೇ ವಿಮಾನ.”

ಮಾಸ್ತರು ಚಹಾ ಲೋಟ ಕೆಳಗಿಟ್ಟರು.

“ನಿನ್ನ ಬಲಗಾಲಿಗೆ ಮುಳ್ಳ ಚುಚ್ಚಿದ್ರ ಎಡಗಾಲೂ ಕುಂಟತೈತೇನು?”

ಅವಳು ಏಣಿ ಎತ್ತಿಕೊಂಡು ಎಡಗಡೆಗೆ ಹೋದಳು.

ಇನ್ನೊಂದು ದಿನ ದ್ರವದ ಪಾಠ.

ದ್ರವ ಎರಡು ಬಗೆ. ಮೊದಲನೆಯದು ಬಿಸಿ, ಇದ್ದ ಹಿಮವನ್ನು ತೊಳೆಯುತ್ತದೆ. ಅದಾದ ಮೇಲೆ ಮುಟ್ಟಿ ನೋಡಬೇಕು. ಎರಡನೆಯದು ಹಸಿರು, ಗಂಜಿಯ ಹಾಗೆ ಮಂದ. ಅದನ್ನು ಬಳಿದರೆ ಹೊಸದಾಗಿ ಬೀಳುವ ಹಿಮವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಎಷ್ಟು ಚಳಿಗೆ, ಎಷ್ಟು ಹಿಮಕ್ಕೆ, ಎಷ್ಟು ನಿಮಿಷ ಎಂಬ ಪಟ್ಟಿ ಶೆಡ್ಡಿನ ಗೋಡೆಯ ಮೇಲಿತ್ತು. ಆ ನಿಮಿಷಗಳು ಮುಗಿಯುವುದರೊಳಗೆ ವಿಮಾನ ನೆಲ ಬಿಡಬೇಕು.

“ಗಡಿಯಾರ ಯಾವಾಗ ಶುರು ಮಾಡುದು ಮಾಷ್ಟ್ರೆ? ಬಳಿದು ಮುಗಿಸಿದ ಮೇಲಾ?”

“ನಿಮ್ಮೂರಾಗ ಬಲಿ ಎಳೀತಾರಲ್ಲ. ಮೀನ ಕೆಡಾಕ ಯಾವಾಗಿಂದ ಚಾಲೂ ಆಗ್ತಾವು? ಬುಟ್ಟಿ ತುಂಬಿದ ಮ್ಯಾಲೋ, ಮೊದಲನೇ ಮೀನ ಬಿದ್ದಾಗಿಂದನೋ?”

ಮಾಸ್ತರು ಹುಟ್ಟಿನಿಂದ ಮೀನು ಮುಟ್ಟಿದವರಲ್ಲ. ಅವಳಿಗೆ ನಗು ಬಂತು.

“ಮೊದಲ ಮೀನು ಬಿದ್ದಾಗಿಂದ್ಲೇ.”

“ಗೊತ್ತೈತಲ್ಲ ಮತ್ತ. ನನ್ನನ್ಯಾಕ ಕೇಳ್ತಿ?”

ಹೀಗೆ ಒಂದು ಚಳಿಗಾಲ ಮುಗಿದು ಇನ್ನೊಂದು ಬಂತು. ಕೆಲಸ ಕೈಗೆ ಹತ್ತಿತು. ಭಯ ಮಾತ್ರ ಹೋಗಲಿಲ್ಲ. ಪ್ರತಿ ವಿಮಾನವೂ ನೆಲ ಬಿಟ್ಟು, ನದಿಯ ತಿರುವು ದಾಟಿ, ಕಣಿವೆಯ ಬಾಯಿಯಿಂದ ಆಚೆ ಹೋಗುವವರೆಗೆ ಅವಳು ಶೆಡ್ಡಿನ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

“ನಿಮಗೆ ಹೆದರಿಕೆ ಆಗುದಿಲ್ವಾ ಮಾಷ್ಟ್ರೆ?”

“ಆಗ್ತೈತಿ.”

“ಅದು ಹೋಗುದು ಯಾವಾಗ?”

“ಅದು ಹೋದ ದಿನ ನನ್ನನ್ನ ಈ ಕೆಲಸದಿಂದ ತಗದ ಹಾಕಬೇಕು.”

ಸಮಾಧಾನ ಕೇಳಲು ಹೋದವಳಿಗೆ ಸಿಕ್ಕಿದ್ದು ಇದು.

ಆ ವರ್ಷ ಜನವರಿಯಲ್ಲಿ ಮಾಸ್ತರರಿಗೆ ಊರಿನಿಂದ ಫೋನು ಬಂತು. ಹೆಂಡತಿ ಕಸ್ತೂರೆವ್ವನಿಗೆ ಹೃದಯದ ಆಪರೇಷನ್. ಬೆಳಗಾವಿಯ ಆಸ್ಪತ್ರೆ, ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ. ಗಂಡನ ಮುಖ ನೋಡದೆ ಆಪರೇಷನ್ ಕೋಣೆಯೊಳಗೆ ಹೋಗುವುದಿಲ್ಲ ಎಂದು ಆಕೆ ಹಟ ಹಿಡಿದಿದ್ದಳು. ಬರುತ್ತೇನೆ ಎಂದು ಮಾಸ್ತರು ಮಾತು ಕೊಟ್ಟಿದ್ದರು.

ಬುಧವಾರ ಹವೆ ಕೆಟ್ಟಿತ್ತು, ವಿಮಾನವೇ ಬರಲಿಲ್ಲ. ರಸ್ತೆ ನವೆಂಬರಿನಲ್ಲೇ ಮುಚ್ಚಿತ್ತು. ಉಳಿದದ್ದು ಗುರುವಾರದ ವಿಮಾನ. ಅದು ತಪ್ಪಿದರೆ ಶುಕ್ರವಾರದೊಳಗೆ ಬೆಳಗಾವಿ ಮುಟ್ಟಲು ಬೇರೆ ದಾರಿಯಿಲ್ಲ.

ಗುರುವಾರ ಬೆಳಿಗ್ಗೆ ಮಾಸ್ತರು ಬ್ಯಾಗು ಹಿಡಿದು ಶೆಡ್ಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ. ಹಣೆಯಲ್ಲಿ ವಿಭೂತಿ.

“ಇವತ್ತ ಸಹಿ ನಿಂದು,” ಎಂದರು.

ಸುಗಂಧಿಗೆ ಲೈಸೆನ್ಸು ಬಂದು ಎರಡು ತಿಂಗಳಾಗಿತ್ತು. ಮಾಸ್ತರು ಪಕ್ಕದಲ್ಲಿ ಇಲ್ಲದೆ ಒಂದು ಸಹಿಯನ್ನೂ ಹಾಕಿರಲಿಲ್ಲ.

“ನೀವೇ ಒಮ್ಮೆ ಮುಟ್ಟಿ ನೋಡಿ ಮಾಷ್ಟ್ರೆ. ಆಮೇಲೆ ಹತ್ತಿ.”

“ನಾ ಇವತ್ತ ಪ್ಯಾಸೆಂಜರ್. ಪ್ಯಾಸೆಂಜರ್ ರೆಕ್ಕಿ ಮುಟ್ಟೂದಿಲ್ಲ.”

“ಒಮ್ಮೆ ಮಾತ್ರ.”

“ಇಲ್ಲವಾ,” ಎಂದು ಮಾಸ್ತರು ಬ್ಯಾಗು ಎತ್ತಿಕೊಂಡರು. ಎರಡು ಹೆಜ್ಜೆ ಹೋಗಿ ನಿಂತರು. “ಆಕಿಗೆ ಮಾತು ಕೊಟ್ಟೀನಿ, ಸುಗಂಧಿ.”

ಅಷ್ಟು ಹೇಳಿ ಹೋದರು. ಯಾವತ್ತೂ ‘ತಂಗಿ’ ಎನ್ನುತ್ತಿದ್ದವರು ಅಂದು ಹೆಸರು ಹಿಡಿದು ಕರೆದದ್ದು ಅವಳನ್ನು ಇನ್ನಷ್ಟು ಕಂಗೆಡಿಸಿತು.

ವಿಮಾನ ಬಂದಿಳಿದ ಮೇಲೆ, ಒಂಬತ್ತು ಗಂಟೆಗೆ ಹಿಮ ಶುರುವಾಯಿತು. ಜೋರೇನಿಲ್ಲ. ಹಿಟ್ಟು ಜರಡಿ ಹಿಡಿದಂತೆ ಸಣ್ಣಗೆ, ಬಿಡದೆ.

ಮೊದಲ ದ್ರವದಿಂದ ರೆಕ್ಕೆಗಳನ್ನೂ ಬಾಲವನ್ನೂ ತೊಳೆದದ್ದಾಯಿತು. ಸುಗಂಧಿ ಗ್ಲೌಸು ಕಳಚಿ ಎರಡೂ ರೆಕ್ಕೆಗಳನ್ನು ತಡವಿದಳು. ತುದಿಯಿಂದ ಬುಡದವರೆಗೆ, ಬುಡದಿಂದ ತುದಿಯವರೆಗೆ. ಬೆರಳುಗಳು ಮರಗಟ್ಟಿದವು. ಎಲ್ಲೂ ಏನೂ ಇರಲಿಲ್ಲ.

ಈಗ ಹಸಿರು ದ್ರವ. ಚಿಮ್ಮಿಸುವ ಪೈಪು ಹಿಡಿದವನು ಅಲ್ಲಿಯವನೇ, ಉರ್ಗೇನ್ ಎಂಬ ಮಧ್ಯವಯಸ್ಸಿನ ಆಳು. ಒಂಬತ್ತು ಮೂವತ್ತೊಂದಕ್ಕೆ ಎಡರೆಕ್ಕೆಯ ಮೇಲೆ ಮೊದಲ ಹನಿ ಬಿತ್ತು. ಸುಗಂಧಿ ನಿಮಿಷ ಎಣಿಸುವ ಗಡಿಯಾರದ ಗುಂಡಿ ಒತ್ತಿದಳು.

ಪಟ್ಟಿಯ ಪ್ರಕಾರ ಮೂವತ್ತೈದು ನಿಮಿಷ.

ಎಡರೆಕ್ಕೆ ಮುಗಿಯಿತು. ಬಲರೆಕ್ಕೆಗೆ ಹೋಗುವಷ್ಟರಲ್ಲಿ ಪೈಪಿನ ಮೂತಿ ಕಟ್ಟಿಕೊಂಡಿತು.

ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. ಉರ್ಗೇನ್ ಚಹಾದ ಕೆಟಲಿನಿಂದ ಬಿಸಿನೀರು ಹೊಯ್ದ. ತಂತಿ ಹಾಕಿ ತಿವಿದ. ಬಾಯಿ ಇಟ್ಟು ಊದಿದ. ಅತ್ತ ಪೈಲಟ್ ಕ್ಯಾಪ್ಟನ್ ಭುಲ್ಲರ್ ರೇಡಿಯೋದಲ್ಲಿ ಏನಾಯಿತು, ಏನಾಯಿತು ಎಂದು ಕೇಳುತ್ತಿದ್ದರು.

ಆ ಗಡಿಬಿಡಿಯಲ್ಲಿ ಸುಗಂಧಿ ಒಂದು ಕೆಲಸ ಮಾಡಿದಳು. ಕೈ ತಾನಾಗಿ ಮಾಡಿದ ಕೆಲಸ. ಬಳಿಯುವುದು ನಿಂತಿತಲ್ಲ ಎಂದು ಗಡಿಯಾರವನ್ನೂ ನಿಲ್ಲಿಸಿದಳು.

ಹಿಮ ನಿಂತಿರಲಿಲ್ಲ.

ಒಂಬತ್ತು ನಲವತ್ತಮೂರಕ್ಕೆ ಮೂತಿ ಬಿಟ್ಟುಕೊಂಡಿತು. ಅವಳು ಗಡಿಯಾರವನ್ನು ಸೊನ್ನೆಗೆ ತಂದು ಮತ್ತೆ ಒತ್ತಿದಳು. ಬಲರೆಕ್ಕೆ ಮುಗಿಯಿತು, ಬಾಲ ಮುಗಿಯಿತು. ವಿಮಾನದ ಮೂತಿಯ ಎದುರು ನಿಂತು ಅಂಗೈಗಳನ್ನೆತ್ತಿ ತೋರಿಸಿದಳು.

“ಶುರುವಾದ ಸಮಯ?” ಎಂದು ಕ್ಯಾಪ್ಟನ್ ಕೇಳಿದರು.

“ಒಂಬತ್ತು ನಲವತ್ತಮೂರು.”

“ಹತ್ತು ಹದಿನೆಂಟರವರೆಗೆ ಇದೆ. ಧಾರಾಳವಾಯಿತು.”

ವಿಮಾನ ಸರಿದು ರನ್‌ವೇಯ ತುದಿಗೆ ಹೋಗಿ ನಿಂತಿತು. ಎದುರಿನಿಂದ ಹಾದುಹೋಗುವಾಗ ಎಡಗಡೆಯ ಮೂರನೆಯ ಕಿಟಕಿಯಲ್ಲಿ ಮಾಸ್ತರರ ಬಿಳಿ ತಲೆ ಕಂಡಿತು. ಅವರು ಹೊರಗೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದರು.

ಕಣಿವೆಯ ಬಾಯಲ್ಲಿ ಒಂದು ಮೋಡ ಅಡ್ಡ ಬಂದಿತ್ತು. ಅದು ಸರಿಯುವವರೆಗೆ ಕಾಯಿರಿ ಎಂದು ಟವರಿನವರು ಹೇಳಿದರು. ಹತ್ತು ಗಂಟೆಯಾಯಿತು. ಹತ್ತು ಐದಾಯಿತು.

ಸುಗಂಧಿ ಶೆಡ್ಡಿನ ಬಾಗಿಲ ಬಳಿ ಫಾರಮ್ಮು ತುಂಬಲು ಕೂತು, ಮರಗಟ್ಟಿದ ಕೈಗೆ ಉಸಿರು ಊದಿಕೊಂಡಳು. ಫಾರಮ್ಮಿನಲ್ಲಿ ಎರಡು ಮನೆ. ಎಡರೆಕ್ಕೆ, ಬಲರೆಕ್ಕೆ. ಎಡರೆಕ್ಕೆಯ ಎದುರು 9:31 ಎಂದು ಬರೆದಳು. ಬಲರೆಕ್ಕೆಯ ಎದುರು 9:43.

ಬರೆದು ಮುಗಿಸಿ, ಬರೆದದ್ದನ್ನು ನೋಡಿದಳು.

ಒಂಬತ್ತು ಮೂವತ್ತೊಂದಕ್ಕೆ ಮೂವತ್ತೈದು ನಿಮಿಷ ಕೂಡಿಸಿದರೆ ಹತ್ತು ಆರು. ಗೋಡೆಯ ಗಡಿಯಾರದಲ್ಲಿ ಹತ್ತು ಎಂಟು.

ಇನ್ನೊಮ್ಮೆ ಕೂಡಿಸಿದಳು, ಅದೇ ಬಂತು.

ಅಷ್ಟರಲ್ಲೇ ರೇಡಿಯೋ ಕರಕರ ಎಂದಿತು. ಮೋಡ ಸರಿದಿದೆ, ಹೊರಡಬಹುದು ಎಂದು ಟವರಿನವರು ಕ್ಯಾಪ್ಟನ್ನರಿಗೆ ಹೇಳಿದರು. ರನ್‌ವೇಯ ತುದಿಯಲ್ಲಿ ಎಂಜಿನ್ನುಗಳ ದನಿ ಏರಿತು.

ಎರಡೇ ನಿಮಿಷ.

ಪಟ್ಟಿ ಮಾಡಿದವರು ಸ್ವಲ್ಪ ಹಿಂದುಮುಂದು ನೋಡಿಯೇ ಮಾಡಿರುತ್ತಾರೆ ಎಂದು ಅವಳ ಮನಸ್ಸು ಹೇಳಿತು. ಹಿಮ ಸಣ್ಣದು ಎಂದಿತು. ಕಸ್ತೂರೆವ್ವ ಕಾಯುತ್ತಿದ್ದಾಳೆ ಎಂದಿತು. ಈಗ ನಿಲ್ಲಿಸಿದರೆ ನಿನ್ನ ತಪ್ಪು ಊರಿಗೆಲ್ಲ ಗೊತ್ತಾಗುತ್ತದೆ, ಸುಮ್ಮನಿದ್ದರೆ ಯಾರಿಗೂ ಇಲ್ಲ ಎಂದೂ ಹೇಳಿತು. ಮನಸ್ಸಿಗೇನು, ಅದರ ಕೆಲಸವೇ ವಕೀಲಿಕೆ.

ಅವಳು ರೇಡಿಯೋ ಎತ್ತಿಕೊಂಡಳು. ಗುಂಡಿ ಒತ್ತುವಷ್ಟು ಬೆರಳು ಮಡಚಲಿಲ್ಲ. ಎರಡೂ ಕೈಯಿಂದ ಒತ್ತಿದಳು.

“ನಿಲ್ಲಿಸಿ! ಹೊರಡಬೇಡಿ. ನಾನು ಸುಗಂಧಿ, ರೆಕ್ಕೆಯವಳು. ಎಡರೆಕ್ಕೆಯ ಸಮಯ ಮುಗಿದಿದೆ. ತಪ್ಪು ನನ್ನದು.”

ಎಂಜಿನ್ನಿನ ದನಿ ಇಳಿಯಿತು.

“ಎಷ್ಟು ಮೀರಿದೆ?” ಕ್ಯಾಪ್ಟನ್ ಕೇಳಿದರು.

“ಎರಡು ನಿಮಿಷ.”



“ಎರಡು ನಿಮಿಷವೇ?”

“ಹೌದು ಸರ್.”

“ನೀನು ಹೇಳದೇ ಇದ್ದರೆ ನಾನು ಈಗ ಗಾಳಿಯಲ್ಲಿ ಇರುತ್ತಿದ್ದೆ. ಹೇಳಿದ ಮೇಲೆ ಹಾರಲಾರೆ. ಬರುತ್ತಿದ್ದೇನೆ. ಏಣಿ ತಾ.”

ವಿಮಾನ ತಿರುಗಿ ಬಂತು. ಸುಗಂಧಿ ಏಣಿ ಹತ್ತಿ ಬರಿಗೈಯನ್ನು ಎಡರೆಕ್ಕೆಯ ಮೇಲಿಟ್ಟಳು.

ಹಸಿರು ದ್ರವ ಇನ್ನೂ ಮೆತ್ತಗಿತ್ತು. ಬಿದ್ದ ಹಿಮ ಅದರಲ್ಲಿ ಕರಗಿ ನೀರಾಗಿ ಹರಿಯುತ್ತಿತ್ತು. ದ್ರವವನ್ನು ಸರಿಸಿ ಕೆಳಗಿನ ಲೋಹವನ್ನೂ ತಡವಿದಳು. ತುದಿ, ನಡು, ಬುಡ. ಒಂದು ತರಿ ಸಿಕ್ಕರೆ ಸಾಕು ದೇವರೇ ಎಂದು ಬೇಡಿಕೊಂಡಳು. ರೆಕ್ಕೆಯ ಮೇಲೆ ಐಸು ಇರಲಿ ಎಂದು ಹರಕೆ ಹೊತ್ತವರು ಆ ನಿಲ್ದಾಣದಲ್ಲಿ ಅವಳೊಬ್ಬಳೇ ಇರಬೇಕು.

ಏನೂ ಸಿಗಲಿಲ್ಲ.

“ಏನಿದೆ?” ಕ್ಯಾಪ್ಟನ್ ಕೆಳಗೆ ನಿಂತಿದ್ದರು.

“ಏನೂ ಇಲ್ಲ ಸರ್.”

ಕ್ಯಾಪ್ಟನ್ ಬೈಯಲಿಲ್ಲ. ಕೈಗಡಿಯಾರ ನೋಡಿಕೊಂಡರು. “ಇಷ್ಟೆಲ್ಲ ಕೆದಕಿದ ಮೇಲೆ ಮೊದಲಿನಿಂದಲೇ ತೊಳೆದು ಬಳಿಯಬೇಕು. ಬೇಗ.”

ಬೇಗ ಎಂದರೆ ಆಗಬೇಕಲ್ಲ. ಪೀಪಾಯಿಯ ದ್ರವ ಆರಿತ್ತು. ಅದು ಕಾಯಲು ಅರ್ಧ ಗಂಟೆ ಬೇಕು. ಉರ್ಗೇನ್ ಒಲೆಯ ಉರಿ ದೊಡ್ಡದು ಮಾಡಿದ. ಸುಗಂಧಿ ಒಂದು ಕಣ್ಣು ದ್ರವದ ಮೇಲೆ, ಒಂದು ಕಣ್ಣು ಕಣಿವೆಯ ಬಾಯಿಯ ಮೇಲೆ ಇಟ್ಟು ನಿಂತಳು.

ದ್ರವ ಕಾಯುವ ಮೊದಲೇ ಮೋಡ ಮರಳಿ ಬಂತು. ಈ ಸಲ ಒಂದಲ್ಲ, ಸಾಲು. ನದಿಯ ತಿರುವು ಮುಚ್ಚಿತು, ಎದುರಿನ ಗುಡ್ಡ ಮುಚ್ಚಿತು. ಹತ್ತು ಐವತ್ತಕ್ಕೆ ಟವರಿನವರು ಹೇಳಿದರು: ಇಂದು ವಿಮಾನ ಇಲ್ಲ. ನಾಳೆಯದು ನಾಳೆ ನೋಡೋಣ.

ಪ್ರಯಾಣಿಕರು ಇಳಿದರು. ತಮ್ಮನ ಮದುವೆಗೆ ಹೊರಟಿದ್ದ ಒಬ್ಬಾತ ಅವಳ ಎದುರು ಬಂದು ನಿಂತ.

“ಎರಡು ನಿಮಿಷಕ್ಕೆ ಇಷ್ಟು ರಂಪವಾ? ರೆಕ್ಕೆಯ ಮೇಲೆ ಏನಾದರೂ ಇತ್ತಾ?”

“ಇರಲಿಲ್ಲ,” ಎಂದಳು ಸುಗಂಧಿ.

ಆತ ಬ್ಯಾಗು ಎಳೆದುಕೊಂಡು ಹೋದ. ಉಳಿದವರು ಅವಳ ಕಡೆ ನೋಡಲೂ ಇಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಕೊನೆಗೆ ಇಳಿದವರು ಮಾಸ್ತರು. ಬ್ಯಾಗು ಹಿಡಿದು ನಿಧಾನವಾಗಿ ಮೆಟ್ಟಿಲು ಇಳಿದು, ಶೆಡ್ಡಿಗೆ ಬಂದು, ತಮ್ಮ ಸ್ಟೂಲಿನ ಮೇಲೆ ಕೂತರು. ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

ಸುಗಂಧಿ ಬಾಗಿಲಲ್ಲೇ ನಿಂತಳು. ಒಳಗೆ ಬರುವ ಧೈರ್ಯ ಇರಲಿಲ್ಲ, ಹೊರಗೆ ಹೋಗುವ ಮುಖವೂ ಇರಲಿಲ್ಲ.

ಮಾಸ್ತರು ಜೇಬಿನಿಂದ ಫೋನು ತೆಗೆದು, ನಂಬರು ಒತ್ತಿ, ಅವಳ ಕಡೆ ಚಾಚಿದರು.

“ನೀನ ಹೇಳು.”

“ನಾನಾ?”

“ವಿಮಾನ ನಿಲ್ಲಿಸಿದಾಕಿ ನೀನು. ಯಾಕಂತ ನನಗಿಂತ ಚಂದ ಗೊತ್ತು ನಿನಗ.”

ಆ ಕಡೆ ಫೋನು ರಿಂಗಾಗುತ್ತಿತ್ತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

“ಹಲೋ, ಅಮ್ಮ. ನಾನು ಸುಗಂಧಿ.”

“ಮೀನದ ಊರಾಕಿ ಏನು? ಅವರು ವಿಮಾನ ಹತ್ತಿದ್ರೇನವಾ?” ಕಸ್ತೂರೆವ್ವನ ದನಿ ತೆಳ್ಳಗೆ, ಏದುಸಿರಿನ ನಡುವೆ ಬಂತು.

“ಹತ್ತಿದ್ರು ಅಮ್ಮ. ಹೊರಡುವಾಗ ನಾನೇ ನಿಲ್ಲಿಸಿದೆ.”

“ಯಾಕ?”

“ರೆಕ್ಕೆಯ ಸಮಯ ನಾನು ತಪ್ಪು ಹಿಡಿದಿದ್ದೆ. ಎರಡು ನಿಮಿಷ ಮೀರಿತ್ತು. ಆಮೇಲೆ ಮುಟ್ಟಿ ನೋಡಿದ್ರೆ ಎಂತದೂ ಇರಲಿಲ್ಲ. ಈಗ ಮೋಡ ಬಂದುಂಟು. ಮಾಷ್ಟ್ರು ನಾಳೆ ಬೆಳಿಗ್ಗೆ ನಿಮ್ಮ ಹತ್ತಿರ ಇರುದಿಲ್ಲ ಅಮ್ಮ. ನನ್ನಿಂದಾಗಿ.”

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನಿಲ್ಲಿಸಿದರೆ ಮತ್ತೆ ಹೇಳಲಾಗುತ್ತಿರಲಿಲ್ಲ.

ಆ ಕಡೆ ಆಸ್ಪತ್ರೆಯಲ್ಲಿ ಎಲ್ಲೋ ಒಂದು ತಟ್ಟೆ ಬಿದ್ದ ಸದ್ದು ಕೇಳಿತು. ಯಾರೋ ಯಾರನ್ನೋ ಕರೆದರು.

“ಮೂವತ್ತು ವರ್ಷ ಮಂದಿ ಗಂಡಂದಿರನ್ನ ಇಳಿಸಿ ಕುಂದ್ರಿಸ್ಯಾರ ಇವರು,” ಎಂದಳು ಕಸ್ತೂರೆವ್ವ. “ಎಷ್ಟ ಮಂದಿ ಹೆಣ್ಣಮಕ್ಕಳು ಇವರಿಗೆ ಶಾಪ ಹಾಕಿದ್ರೋ ಏನೋ. ಇವತ್ತ ನನ್ನ ಪಾಳಿ ಬಂತು ನೋಡು.”

ನಕ್ಕಳು. ನಗು ನಡುವೆಯೇ ಮುರಿಯಿತು.

“ನನಗ ಭಾಳ ಅಂಜಿಕಿ ಆಗೇತಿ ತಂಗಿ. ಸುಳ್ಳ ಯಾಕ ಹೇಳ್ಲಿ? ಅವರ ಮಾರಿ ನೋಡಿ ಒಳಗ ಹೋಗಬೇಕು ಅಂತಿದ್ದೆ.”

“ನನ್ನನ್ನು ಕ್ಷಮಿಸಿ ಅಮ್ಮ.”

“ಅವರು ನೆಲದ ಮ್ಯಾಲ ಅದಾರಿಲ್ಲೋ?”

“ಇದ್ದಾರೆ. ಇಲ್ಲೇ ಕೂತಿದ್ದಾರೆ.”

“ಹಂಗಾರ ನಾ ಹೋಗ್ತೀನಿ ಬಿಡು ಒಳಗ. ಅವರ ಕೈಯಾಗ ಫೋನ ಕೊಡು.”

ಮಾಸ್ತರು ಫೋನು ತೆಗೆದುಕೊಂಡರು. ಗೋಡೆಯ ಕಡೆ ತಿರುಗಿ ಕೂತರು.

“ಹೂಂ,” ಎಂದರು. ಬಹಳ ಹೊತ್ತು ಕೇಳಿಸಿಕೊಂಡರು. “ಹೂಂ. ಇಲ್ಲ, ಇಲ್ಲ. ಸಿಟ್ಟಿಲ್ಲ.” ಮತ್ತೆ ಕೇಳಿಸಿಕೊಂಡರು. “ಉಂಡೀ ಏನು?”

ಫೋನು ಇಟ್ಟ ಮೇಲೂ ಅವರು ತಿರುಗಲಿಲ್ಲ. ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡರು. ಸುಗಂಧಿಗೆ ಅಳು ತಡೆಯಲಾಗಲಿಲ್ಲ.

“ಬೈಯಿರಿ ಮಾಷ್ಟ್ರೆ ನನಗೆ.”

“ಗಡಿಯಾರ ನಿಲ್ಲಿಸಿದ್ದಕ್ಕ ಬೈತೀನಿ. ನಾಳಿಗೆ. ಇವತ್ತ ಅಷ್ಟ ತ್ರಾಣ ಇಲ್ಲ.”

“ವಿಮಾನ ನಿಲ್ಲಿಸಿದ್ದಕ್ಕೆ?”

ಮಾಸ್ತರು ಬಾಗಿಲಾಚೆ ನೋಡಿದರು. ಹೊರಗೆ ಹಿಮ ಈಗ ಜೋರಾಗಿತ್ತು. ಖಾಲಿ ವಿಮಾನದ ರೆಕ್ಕೆಗಳು ಬೆಳ್ಳಗಾಗುತ್ತಿದ್ದವು.

“ರೆಕ್ಕೆಯಲ್ಲಿ ಎಂತದೂ ಇರಲಿಲ್ಲ,” ಎಂದಳು ಸುಗಂಧಿ. “ಇಡೀ ರೆಕ್ಕೆ ತಡವಿದೆ. ನಾನು ಸುಮ್ಮನಿದ್ದಿದ್ದರೆ ನೀವು ಈಗ ದೆಹಲಿಯ ಹತ್ತಿರ ಇರ್ತಿದ್ರಿ. ರಾತ್ರಿ ಒಳಗೆ ಬೆಳಗಾವಿ ಮುಟ್ತಿದ್ರಿ.”

“ಮುಟ್ಟತಿದ್ದೆ,” ಎಂದರು ಮಾಸ್ತರು.

ಆ ಒಂದು ಮಾತು ಅವಳ ಎದೆಗೆ ನಾಟಿತು. ಇಲ್ಲ ಎನ್ನುತ್ತಾರೆ, ಏನಾದರೂ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದಳು.

ಮಾಸ್ತರು ಎದ್ದು ಒಲೆಯ ಉರಿ ತಗ್ಗಿಸಿದರು. ಕೆಟಲಿನಲ್ಲಿ ಉಳಿದಿದ್ದ ಬಿಸಿನೀರಿನಲ್ಲಿ ಅರ್ಧವನ್ನು ಒಂದು ಬೋಗುಣಿಗೆ ಬಗ್ಗಿಸಿ, ಅವಳ ಮುಂದೆ ಇಟ್ಟರು. ಅವಳ ಎರಡೂ ಕೈಗಳನ್ನು ಹಿಡಿದು ಅದರಲ್ಲಿ ಇಳಿಸಿದರು. ಮರಗಟ್ಟಿದ ಬೆರಳುಗಳಿಗೆ ಜೀವ ಬರುವಾಗ ನೋವಿಗೆ ಅವಳು ಹಲ್ಲು ಕಚ್ಚಿದಳು.

“ನನಗೂ ಒಮ್ಮೆ ಹಿಂಗ ಆಗಿತ್ತು,” ಎಂದರು ಮಾಸ್ತರು. “ಇಲ್ಲಿಗೆ ಬಂದ ನಾಕನೇ ವರ್ಷ. ಮೂರು ನಿಮಿಷ ಮೀರಿತ್ತು. ರೇಡಿಯೋ ಕೈಯಾಗ ಹಿಡಕೊಂಡ ನಿಂತಿದ್ದೆ. ಬಾಯಿ ಬಿಡಲಿಲ್ಲ.”

ಸುಗಂಧಿ ತಲೆ ಎತ್ತಿದಳು. “ವಿಮಾನ ಎಂತ ಆಯ್ತು?”

“ಏನೂ ಆಗಲಿಲ್ಲ. ಎಲ್ಲಾರೂ ಸುಖವಾಗಿ ಹೋಗಿ ಇಳದ್ರು.” ಮಾಸ್ತರು ಬೋಗುಣಿಯ ನೀರಿಗೆ ಇನ್ನಷ್ಟು ಬಿಸಿನೀರು ಸೇರಿಸಿದರು. “ನನ್ನ ಪಾಲಿಗೆ ಆ ವಿಮಾನ ಇನ್ನೂ ಇಳದಿಲ್ಲ ತಂಗಿ.”